ವೇಣೂರಿನ ಗೊಮ್ಮಟ: ಶಾಸನ ಮತ್ತು ಐತಿಹ್ಯ

ಫಲ್ಗುಣಿ ನದಿಯ ದಡದ ವೇಣೂರು ಈಗ ಬೆಳ್ತಂಗಡಿ ತಾಲ್ಲೂಕಿನ ಒಂದು ಗ್ರಾಮ. ಹಿಂದೆ ಅದು ಜೈನ ಅರಸರಾದ ಅಜಿಲರ ರಾಜಧಾನಿ. 1604ರಲ್ಲಿ ತಿಮ್ಮಣ್ಣ ಅಜಿಲನು ಇಲ್ಲಿ ಸುಮಾರು 35 ಅಡಿ ಎತ್ತರದ ಬಾಹುಬಲಿಯ ಏಕಶಿಲಾ ಮೂರ್ತಿಯನ್ನು ನಿಲ್ಲಿಸಿದನು. ಚಿಕ್ಕ ಸೀಮೆಯ ಅರಸನೊಬ್ಬನು ಇಂಥ ಮಹಾಕಾರ್ಯವನ್ನು ಸಂಕಲ್ಪಿಸಿದ್ದೇಕೆ ಎಂಬ ಪ್ರಶ್ನೆಗೆ ಶಾಸನವೂ ಐತಿಹ್ಯವೂ ಬೇರೆ ಬೇರೆ ಉತ್ತರ ನೀಡುತ್ತವೆ.

ಮೂರ್ತಿಯ ಪಕ್ಕದ ಶಾಸನವು ತಿಮ್ಮರಾಜನನ್ನು ಚಾಮುಂಡರಾಯನ ವಂಶದವನೆನ್ನುತ್ತದೆ. ಬೆಳ್ಗೊಳದ ಚಾರುಕೀರ್ತಿ ಗುರುಗಳ ಆದೇಶದಂತೆ ಪ್ರತಿಷ್ಠೆ ನಡೆಯಿತೆಂದು ತಿಳಿಸುತ್ತದೆ. ಅವನನ್ನು ರಾಯಕುವರನ ಅಳಿಯನೆಂದು, ರಾಣಿ ಪಾಂಡ್ಯಕದೇವಿಯ ಮಗನೆಂದು ಗುರುತಿಸುವಲ್ಲಿ ತುಳುನಾಡಿನ ಅಳಿಯಸಂತಾನ ಪದ್ಧತಿ ಕಾಣುತ್ತದೆ. ಶ್ರವಣಬೆಳಗೊಳದ ಮೂರ್ತಿಯನ್ನು ಮಾಡಿಸಿದವನ ಹೆಸರು ಇಲ್ಲಿ ಅಜಿಲನ ಅಧಿಕಾರಕ್ಕೆ ಆಧಾರವಾಗಿದೆ.

ಜನರ ನೆನಪು ಬೇರೆ ಕಥೆ ಹೇಳುತ್ತದೆ. ವೀರಪಾಂಡ್ಯನು 1432ರಲ್ಲಿ ನಿಲ್ಲಿಸಿದ ಗೊಮ್ಮಟನಿಂದ ಕಾರ್ಕಳಕ್ಕೆ ಬಂದ ಕೀರ್ತಿ ಕುಂದೀತೆಂದು ಅಲ್ಲಿನ ಭೈರರಸನು ವೇಣೂರಿನ ಮೂರ್ತಿಯನ್ನು ತನಗೊಪ್ಪಿಸುವಂತೆ ಕೇಳಿದನಂತೆ. ಅಜಿಲನು ಅದನ್ನು ಫಲ್ಗುಣಿಯ ಮರಳಿನಲ್ಲಿ ಹುದುಗಿಸಿ ಯುದ್ಧಕ್ಕೆ ನಿಂತನಂತೆ.

ಶಾಸನದಲ್ಲಿ ಈ ವಿರೋಧದ ಸುಳಿವಿಲ್ಲ. ಹಾಗೆಂದು ಐತಿಹ್ಯವನ್ನು ತಳ್ಳಿಹಾಕುವಂತಿಲ್ಲ. ಕಾರ್ಕಳದ ಮೂರ್ತಿಯ ಎತ್ತರ ಸುಮಾರು 42 ಅಡಿ; ವೇಣೂರಿನದು ಅದಕ್ಕಿಂತ ಚಿಕ್ಕದು. ಎತ್ತರದಲ್ಲಿ ಮೀರಿಸದ ಮೂರ್ತಿಗೂ ನೆರೆಯ ಅರಸನು ಅಂಜಿದನೆಂದು ಕಥೆ ಹೇಳುವುದು ಗಮನಾರ್ಹ. ಅಲ್ಲಿನ ಆತಂಕ ಅಳತೆಯದಲ್ಲ, ಸಮಾನ ಸ್ಥಾನದ್ದು. ಶಾಸನವು ಆ ಸ್ಥಾನವನ್ನು ವಂಶದ ಬಲದಿಂದ ಸ್ಥಾಪಿಸಿದರೆ, ಐತಿಹ್ಯವು ಅದನ್ನು ಉಳಿಸಿಕೊಂಡ ಹೋರಾಟದಿಂದ ಸ್ಥಾಪಿಸುತ್ತದೆ. ವೇಣೂರಿನ ಚರಿತ್ರೆಗೆ ಇವೆರಡೂ ಆಕರಗಳೇ.