ಪೇಟೆಂಟ್ ಮಾಡಿಸದ ಆರ್ಚರ್

ಇವತ್ತಿನ ಕಥೆ ಫ್ರೆಡರಿಕ್ ಸ್ಕಾಟ್ ಆರ್ಚರ್ ಅನ್ನೋ ಲಂಡನ್ನಿನ ಶಿಲ್ಪಿಯದು. ಮೂರ್ತಿ ಮಾಡೋಕೆ ಮುಂಚೆ ಆ ವ್ಯಕ್ತಿಯ ಫೋಟೊ ಕೈಲಿದ್ರೆ ಒಳ್ಳೇದು ಅಂತ 1840ರ ದಶಕದ ಕೊನೆಯಲ್ಲಿ ಆತ ಕ್ಯಾಮೆರಾ ಹಿಡಿದ. ಆಗ ನೆಗೆಟಿವ್ ಅಂದ್ರೆ ಕಾಗದ. ಹೆನ್ರಿ ಫಾಕ್ಸ್ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದಿದ್ದ ವಿಧಾನ ಅದು. ತೊಂದರೆ ಏನಪ್ಪಾ ಅಂದ್ರೆ, ಕಾಗದದ ನಾರಿನ ಗುರುತು ಚಿತ್ರದಲ್ಲೂ ಮೂಡ್ತಿತ್ತು. ಕಣ್ಣು, ಮೂಗು ಎಲ್ಲಾ ಮಸುಕು.

ಆರ್ಚರ್ ಗಾಜಿಗೆ ಬಂದ. ಆದರೆ ನುಣುಪು ಗಾಜಿನ ಮೇಲೆ ಬೆಳ್ಳಿಯ ಲವಣ ನಿಲ್ಲಬೇಕಲ್ಲ? ಅದಕ್ಕೆ ಆತ ಹಿಡಿದದ್ದು ಕೊಲೋಡಿಯನ್. ಆಸಿಡ್‌ನಲ್ಲಿ ನೆನೆಸಿದ ಹತ್ತಿಯನ್ನು ಈಥರ್, ಆಲ್ಕೋಹಾಲ್‌ನಲ್ಲಿ ಕರಗಿಸಿದ ಅಂಟು ದ್ರವ. ಡಾಕ್ಟರುಗಳು ಗಾಯಕ್ಕೆ ಹಚ್ತಿದ್ದದ್ದು. ಅದಕ್ಕೆ ಅಯೊಡೈಡ್ ಬೆರೆಸಿ ಗಾಜಿನ ಮೇಲೆ ಸುರಿದು, ನಾಲ್ಕೂ ಮೂಲೆಗೆ ಹರಡೋ ಹಾಗೆ ಓಲಾಡಿಸಿ, ಕತ್ತಲಲ್ಲಿ ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಬೇಕು. ಅದು ಆರೋದರೊಳಗೆ ಫೋಟೊ ತೆಗೆದು, ತೊಳೆದೂ ಮುಗಿಸಬೇಕು. ಹೀಗಾಗಿ ಊರಾಚೆ ಹೋಗೋ ಫೋಟೊಗ್ರಾಫರ್ ಕತ್ತಲ ಡೇರೆ, ಬಾಟಲಿ, ನೀರು ಎಲ್ಲಾ ಹೊತ್ಕೊಂಡೇ ಹೋಗಬೇಕಿತ್ತು. ಆದ್ರೂ ಕೂದಲೆಳೆಯೂ ಕಾಣೋ ಚಿತ್ರ ಸಿಗ್ತಿತ್ತಲ್ಲ, ಹೊರೋಕೆ ಸಿದ್ಧರಿದ್ರು.

1851ರ ಮಾರ್ಚ್‌ನಲ್ಲಿ ಆರ್ಚರ್ ಇದನ್ನ ‘ದಿ ಕೆಮಿಸ್ಟ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಪೇಟೆಂಟ್ ಮಾಡಿಸಲೇ ಇಲ್ಲ. ನನಗೆ ಸಿಟ್ಟು ಬರೋದು ಮುಂದಿನದಕ್ಕೆ: ಇದೂ ನನ್ನ ಪೇಟೆಂಟಿನೊಳಗೇ ಬರುತ್ತೆ ಅಂತ ಟಾಲ್ಬಟ್ ವಾದಿಸಿದ! 1854ರ ಡಿಸೆಂಬರ್‌ನಲ್ಲಿ, ಲರೋಶ್ ಅನ್ನೋ ಫೋಟೊಗ್ರಾಫರ್ ಮೇಲಿನ ಕೇಸಿನಲ್ಲಿ, ಜ್ಯೂರಿ ಅದನ್ನ ಒಪ್ಪಲಿಲ್ಲ. ಸ್ಟುಡಿಯೊಗಳಿಗೆ ದಾರಿ ಸಲೀಸಾಯ್ತು.

ಆರ್ಚರ್‌ಗೆ ಹೆಚ್ಚೇನೂ ದಕ್ಕಲಿಲ್ಲ. 1857ರಲ್ಲಿ ಬಡತನದಲ್ಲೇ ತೀರಿಕೊಂಡ. ಆತನ ಮೂವರು ಮಕ್ಕಳಿಗೆ ಸರ್ಕಾರ ವರ್ಷಕ್ಕೆ 50 ಪೌಂಡ್ ಪಿಂಚಣಿ ಕೊಟ್ಟಿತು.