ಗೊರಸಿನ ಕೊಳೆತ, ಲಾಯದ ನೆಲ: ಹೊಸೂರು ಸೀಮೆಯಿಂದ ಒಂದು ಓದು

ಗಡಿ ಕನ್ನಡದ ಚರಿತ್ರೆ ಅಂದ ಕೂಡಲೇ ನಾವು ಶಾಸನ, ಶಾಲೆ, ಜನಗಣತಿಗಳ ಕಡೆ ಹೋಗ್ತೀವಿ. ನಾನು ಇವತ್ತು ಕುದುರೆಯ ಕಾಲಿನಿಂದ ಶುರು ಮಾಡ್ತೀನಿ. ನಾನು ಹೊಸೂರು ಸೀಮೆಯವನು. ನಮ್ಮ ಮತ್ತಿಗಿರಿಯ ಹೆಸರು ಸೇನೆಯ ಕುದುರೆಗಳ ಚರಿತ್ರೆಯಲ್ಲಿ ಬರುತ್ತೆ. ಲಾಯ ಗುಡಿಸಿದವರ ಹೆಸರು ಬರೋದಿಲ್ಲ. ಗೊರಸು ಕೊಳೆಯುವ ಕಾಯಿಲೆಯನ್ನು ತಡೆದಿದ್ದು ಬಹುಮಟ್ಟಿಗೆ ಇವರ ಕೈಗಳೇ. ಆದರೆ ಚರಿತ್ರೆ ಬರೆಯುವಾಗ ನಾವು ಔಷಧಿಯನ್ನು ಎಣಿಸ್ತೀವಿ, ಪೊರಕೆಯನ್ನು ಎಣಿಸೋದಿಲ್ಲ. ಇದೇ ನನ್ನ ವಾದ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಕುದುರೆಯ ಕಾಲೆತ್ತಿದರೆ ಗೊರಸಿನ ಅಡಿಯಲ್ಲಿ, ಹಿಮ್ಮಡಿಯಿಂದ ಮುಂದಕ್ಕೆ ಚೂಪಾಗುತ್ತಾ ಹೋಗುವ, ರಬ್ಬರಿನಂಥ ಒಂದು ಭಾಗ ಕಾಣುತ್ತೆ. ಇಂಗ್ಲಿಷಿನವರು ಅದನ್ನು ಕಪ್ಪೆ ಅಂತ ಕರೀತಾರೆ, ಹಿಂದೂಸ್ತಾನಿಯಲ್ಲಿ ಅದು ಪುತಲಿ. ನಾನೂ ಪುತಲಿ ಅಂತಲೇ ಹೇಳ್ತೀನಿ. ಅದರ ನಡುವೆ ಒಂದು, ಅಕ್ಕಪಕ್ಕ ಎರಡು ಸೀಳುಗಳಿರುತ್ತವೆ. ಲದ್ದಿ, ಉಚ್ಚೆ, ಕೆಸರು ಅಲ್ಲಿ ಸೇರಿ ಗಟ್ಟಿಯಾದರೆ ಗಾಳಿ ಆಡೋದಿಲ್ಲ. ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಫ್ಯೂಸೊಬ್ಯಾಕ್ಟೀರಿಯಂ ನೆಕ್ರೊಫೋರಮ್, ಪುತಲಿಯನ್ನು ಕೊಳೆಸುತ್ತವೆ. ಕಪ್ಪು ಲೋಳೆ ಬರುತ್ತೆ, ಕೆಟ್ಟ ನಾತ ಹೊಡೆಯುತ್ತೆ. ಆಳಕ್ಕಿಳಿದರೆ ಕುದುರೆ ಕುಂಟುತ್ತೆ. ಇದನ್ನೇ ಇಂಗ್ಲಿಷಿನಲ್ಲಿ ತ್ರಷ್ ಅನ್ನೋದು.

ನಡೆದಾಡುವ ಕುದುರೆಯ ಪುತಲಿ ನೆಲಕ್ಕೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಕೊಳೆಯನ್ನು ತಾನೇ ಉದುರಿಸುತ್ತೆ. ಒದ್ದೆ ಬಯಲಲ್ಲೂ ಈ ಕಾಯಿಲೆ ಬರಬಹುದು, ನಿಜ. ಆದರೆ ಗುಡಿಸದ ಲಾಯದಲ್ಲಿ ದಿನಗಟ್ಟಲೆ ಕಟ್ಟಿಹಾಕಿದ ಕುದುರೆಗೆ ಇದು ಸುಲಭವಾಗಿ ತಗಲುತ್ತೆ. ಹಾಗಾಗಿ ಇದರ ಚರಿತ್ರೆ ಅಂದ್ರೆ ಲಾಯದ ನೆಲದ ಚರಿತ್ರೆ.

ಹಳೆಯವರಿಗೆ ಇದು ಗೊತ್ತಿತ್ತು. ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಲೇಖಕ ಕ್ಸೆನೊಫನ್, ಒದ್ದೆಯಾದ ನುಣುಪು ನೆಲ ಒಳ್ಳೆಯ ಗೊರಸನ್ನೂ ಕೆಡಿಸುತ್ತೆ ಅಂತಾನೆ. ನೀರು ಹರಿದುಹೋಗಲು ನೆಲ ಇಳಿಜಾರಾಗಿರಬೇಕು, ಹೊರಗಿನ ಅಂಗಳದಲ್ಲಿ ಗುಂಡುಕಲ್ಲು ಹರಡಬೇಕು ಅನ್ನೋದು ಅವನ ಸಲಹೆ. ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣದಲ್ಲಿ ಪ್ರತಿ ಕುದುರೆಯ ಜಾಗಕ್ಕೂ ಹಲಗೆ ಹಾಸಿರಬೇಕು, ಲದ್ದಿ ಮತ್ತು ಮೂತ್ರ ಹೊರಹೋಗಲು ದಾರಿ ಇರಬೇಕು ಅಂತ ಇದೆ. ಚಿಕಿತ್ಸೆಯ ದೋಷದಿಂದ ರೋಗ ಹೆಚ್ಚಿದರೆ ವೈದ್ಯನಿಗೆ ದಂಡವೂ ಉಂಟು. ಈ ಗ್ರಂಥದ ಹಸ್ತಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು.

ಕನ್ನಡ ನಾಡಿನಲ್ಲೂ ಅಶ್ವವಿದ್ಯೆ ದೊಡ್ಡದು. 12ನೇ ಶತಮಾನದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಕುದುರೆಯ ವಿಷಯ ಬರುತ್ತೆ. ಅಭಿನವಚಂದ್ರ ಕನ್ನಡದಲ್ಲೇ ಅಶ್ವವೈದ್ಯ ಬರೆದ. ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣಪಂಡಿತನ ಹಯಸಾರ ಸಮುಚ್ಚಯ ಬಂತು. ಇಲ್ಲಿ ಒಂದು ಪ್ರಶ್ನೆ ಕೇಳಬೇಕು: ಈ ಶಾಸ್ತ್ರಗಳನ್ನು ಯಾರಿಗಾಗಿ ಬರೆದರು? ಕುದುರೆ ಕೊಳ್ಳುವವರಿಗೆ, ಏರುವವರಿಗೆ. ಅದಕ್ಕೇ ಅಶ್ವಶಾಸ್ತ್ರಗಳ ಪರಂಪರೆಯಲ್ಲಿ ಬಣ್ಣ, ಸುಳಿ, ಶುಭಾಶುಭ ಲಕ್ಷಣಗಳಿಗೆ ಅಷ್ಟು ಜಾಗ. ದಿನಾ ಬೆಳಿಗ್ಗೆ ಕಾಲೆತ್ತಿ ಸೀಳು ಕೆದಕುವವನು ಪುಸ್ತಕ ಓದಿ ಕಲಿತವನಲ್ಲ. ಅಪ್ಪನ ಪಕ್ಕ ಕೂತು ಕಲಿತವನು.

ಅಂಥವನು ಇಲ್ಲದಿದ್ದರೆ ಏನಾಗುತ್ತೆ? 13ನೇ ಶತಮಾನದ ಕೊನೆಯಲ್ಲಿ ಪಾಂಡ್ಯರ ಕರಾವಳಿಯ ಬಗ್ಗೆ ಮಾರ್ಕೊ ಪೋಲೊ ಹೇಳೋದು ಕೇಳಿ: ಕುದುರೆ ತರುವ ವರ್ತಕರು ಕುದುರೆ ವೈದ್ಯ ಬಲ್ಲವರನ್ನು ಮಾತ್ರ ಜೊತೆಗೆ ತರೋದಿಲ್ಲ, ಬೇರೆಯವರು ಹೋಗೋಕೂ ಬಿಡೋದಿಲ್ಲ; ಕುದುರೆ ಸತ್ತಷ್ಟೂ ಅವರಿಗೆ ವ್ಯಾಪಾರ. ಪ್ರವಾಸಿಯ ಮಾತಿನಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೂ ಆರೈಕೆಯ ತಿಳಿವಳಿಕೆಗೆ ಮಾರುಕಟ್ಟೆಯಲ್ಲಿ ಬೆಲೆ ಇತ್ತು ಅನ್ನೋದು ಸ್ಪಷ್ಟ.

ಈಗ ನಮ್ಮ ಊರಿಗೆ ಬರೋಣ. ಸುಮಾರು 3,000 ಅಡಿ ಎತ್ತರದ ಹೊಸೂರು ಆಗ ಸೇಲಂ ಜಿಲ್ಲೆಗೆ ಸೇರಿತ್ತು. ಮದ್ರಾಸ್ ಸೇನೆಗೆ ಕುದುರೆ ಒದಗಿಸಲು ಈಸ್ಟ್ ಇಂಡಿಯಾ ಕಂಪನಿ 19ನೇ ಶತಮಾನದಲ್ಲಿ ಮತ್ತಿಗಿರಿಯಲ್ಲಿ ರಿಮೌಂಟ್ ಡಿಪೋ ನಡೆಸಿತು. ಅದೇ ಶತಮಾನದಲ್ಲಿ ಆಸ್ಟ್ರೇಲಿಯಾದ ಕುದುರೆಗಳೂ ಹಡಗೇರಿ ಮದ್ರಾಸಿಗೆ ಬಂದವು. ನ್ಯೂ ಸೌತ್ ವೇಲ್ಸ್‌ನಿಂದ ಬಂದದ್ದಕ್ಕೆ ಅವುಗಳಿಗೆ ವೇಲರ್ ಅಂತ ಹೆಸರು. 1920ರ ದಶಕದಲ್ಲಿ ಡಿಪೋ ಜಾಗ ಸರ್ಕಾರಿ ಜಾನುವಾರು ಕ್ಷೇತ್ರವಾಯಿತು. ಇವತ್ತಿಗೂ ಅದು 1,600 ಎಕರೆಗೂ ಹೆಚ್ಚು.

ಆ ಕಾಲದ ಯುರೋಪಿಯನ್ ಪಶುವೈದ್ಯದಲ್ಲೂ ಇದೇ ಗೊರಸಿನ ಜಗಳ ನಡೀತಿತ್ತು. 1791ರಲ್ಲಿ ಶುರುವಾದ ಲಂಡನ್ನಿನ ಪಶುವೈದ್ಯ ಕಾಲೇಜಿನಲ್ಲಿ ಎಡ್ವರ್ಡ್ ಕೋಲ್ಮನ್, ಪುತಲಿ ನೆಲಕ್ಕೆ ತಾಗಲೇಬೇಕು, ಲಾಯಕ್ಕೆ ಗಾಳಿ ಬೇಕು ಅಂತ ಪಾಠ ಮಾಡಿದ. ಪುಸ್ತಕಕ್ಕೆ ಅವನ ಹೆಸರು ಬಂತು. ಲದ್ದಿ ಬಾಚಿದವರಿಗೆ ಕೂಲಿ ಬಂತು, ಅಷ್ಟೇ.

ಚಿಕಿತ್ಸೆ ಈಗಲೂ ಅದೇ ದಾರಿಯಲ್ಲಿದೆ. ಮೊಂಡು ಕೊಕ್ಕೆಯಿಂದ ಸೀಳು ಕೆದಕಬೇಕು. ಕೊಳೆತು ಜೋತುಬಿದ್ದದ್ದನ್ನು ತಿಳಿದವರು ಕತ್ತರಿಸಿ ಗಾಳಿಗೆ ತೆರೆಯಬೇಕು. ತೊಳೆದು, ಪೂರ್ತಿ ಒಣಗಿಸಿ, ಅಯೋಡಿನ್ ಅಥವಾ ಮೈಲುತುತ್ತದ ದ್ರಾವಣ ಹಚ್ಚಬೇಕು. ಹಸಿ ಮಾಂಸ ಕಾಣುತ್ತಿದ್ದರೆ ಖಾರವಾದ ಮದ್ದು ಹಾಕಬಾರದು, ಪಶುವೈದ್ಯರನ್ನೇ ಕರೆಯಬೇಕು. ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ನೋಡಿಕೊಳ್ಳಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಬದಲಿಸಬೇಕು. ಇದೆಲ್ಲಾ ಮಾಡಿಯೂ ಕುದುರೆ ಮತ್ತೆ ಒದ್ದೆ ಲದ್ದಿಯಲ್ಲೇ ನಿಂತರೆ ಕಾಯಿಲೆ ಮರಳಿ ಬರುತ್ತೆ. ಮದ್ದಿನ ಬಾಟಲಿ ಪೊರಕೆಯ ಕೆಲಸ ಮಾಡೋದಿಲ್ಲ.

ಹಾಗಾದರೆ ಈ ಕೆಲಸದ ದಾಖಲೆಯನ್ನು ಎಲ್ಲಿ ಹುಡುಕಬೇಕು? ನನ್ನ ಉತ್ತರ: ಮಾತಿನಲ್ಲಿ. ಕನ್ನಡದಲ್ಲಿ ಲಾಳ, ತಮಿಳಿನಲ್ಲಿ ಲಾಡಂ, ಉರ್ದುವಿನಲ್ಲಿ ನಾಲ್. ಅತ್ತ ವಿಜಯಪುರದ ಕಡೆ ನಾಲಬಂದ ಅನ್ನೋದು ಮನೆತನದ ಹೆಸರಾಗಿಯೇ ಉಳಿದಿದೆ. ಡಿಪೋದ ಕಾಗದಗಳ ಭಾಷೆ ಇಂಗ್ಲಿಷ್, ಸುತ್ತಲಿನ ಊರುಗಳ ಭಾಷೆ ಕನ್ನಡ, ತೆಲುಗು, ತಮಿಳು, ದಖನಿ. 1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ಹೊಸೂರು ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಇಂಥ ಕಸುಬಿನ ಮಾತುಗಳನ್ನು ನಮ್ಮದು ಅಂತ ಬರೆದಿಟ್ಟುಕೊಳ್ಳೋದು ಯಾವ ಒಂದು ರಾಜ್ಯದ ಕೆಲಸವೂ ಆಗಲಿಲ್ಲ. ಮದುವೆ ಮೆರವಣಿಗೆಯ ಕುದುರೆ ಸಾಕುವವರ ಬಾಯಲ್ಲಿ, ಲಾಳ ಹೊಡೆಯುವವರ ಬಾಯಲ್ಲಿ ಅವು ಇನ್ನೂ ಇವೆ. ಬರೆದುಕೊಳ್ಳಬೇಕಾದದ್ದು ಈಗಲೇ.

ಅಕ್ಕಲಕೋಟೆ, ಜತ್ತ, ಆದೋನಿ ಕಡೆಯ ಗೆಳೆಯರೇ, ನಿಮ್ಮಲ್ಲಿ ಪುತಲಿಗೆ ಏನಂತಾರೆ, ಗೊರಸು ಕೊಳೆತರೆ ಏನು ಹಚ್ಚುತ್ತಾರೆ? ಚರ್ಚೆಯನ್ನು ಅಲ್ಲಿಂದಲೇ ಶುರು ಮಾಡೋಣ.