ಹೊಸೂರು ರಸ್ತೆಯ ಮಾಸಿಪ್: ಡಿಜಿಟಲ್ ಗುರುತಿನ ಭದ್ರತೆ ಮತ್ತು ಗಡಿ ಕನ್ನಡಿಗರ ಒಪ್ಪಿಗೆಯ ಭಾಷೆ

ಹೊಸೂರಿನಿಂದ ಬೆಂಗಳೂರಿಗೆ ನಿತ್ಯ ದುಡಿಮೆಗೆ ಹೋಗಿಬರುವ ನಮ್ಮವರು ಜೂಜುವಾಡಿ, ಅತ್ತಿಬೆಲೆಗಳನ್ನು ದಾಟಿ ಎಲೆಕ್ಟ್ರಾನಿಕ್ ಸಿಟಿಯನ್ನು ಹಾಯ್ದು ಸಾಗುತ್ತಾರೆ. ನಮ್ಮ ಊರಿನ ಹೆಸರನ್ನೇ ಹೊತ್ತ ಆ ರಸ್ತೆಯ ಬದಿಯಲ್ಲಿರುವ ಒಂದು ವಿಶ್ವವಿದ್ಯಾಲಯದಲ್ಲಿ ಆಫ್ರಿಕಾ ಮತ್ತು ಏಷ್ಯಾ ಖಂಡಗಳ ಹಲವು ದೇಶಗಳ ಗುರುತಿನ ವ್ಯವಸ್ಥೆಗೆ ಅಡಿಪಾಯವಾದ ತಂತ್ರಾಂಶವು ಸಿದ್ಧಗೊಳ್ಳುತ್ತಿದೆ. ಅದರ ಹೆಸರು ಮಾಸಿಪ್. ಈ ಯೋಜನೆಯ ಸ್ವರೂಪವನ್ನೂ, ಗಡಿನಾಡಿನ ಕನ್ನಡಿಗರಿಗೆ ಅದರಿಂದ ದೊರೆಯುವ ಪಾಠವನ್ನೂ ಈ ಲೇಖನದಲ್ಲಿ ಸಂಗ್ರಹಿಸಿ ಕೊಡುತ್ತಿದ್ದೇವೆ.

ಸಂಸ್ಥೆ ಮತ್ತು ಯೋಜನೆ

ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ, ಅಂದರೆ ಐಐಐಟಿ-ಬೆಂಗಳೂರು, 1999ರಲ್ಲಿ ಕರ್ನಾಟಕ ಸರ್ಕಾರ ಮತ್ತು ಮಾಹಿತಿ ತಂತ್ರಜ್ಞಾನ ಉದ್ಯಮಗಳ ಜಂಟಿ ಪ್ರಯತ್ನದಿಂದ ಸ್ಥಾಪನೆಯಾಯಿತು. ಪ್ರೊ. ಎಸ್. ಸಡಗೋಪನ್ ಅವರು ಅದರ ಸ್ಥಾಪಕ ನಿರ್ದೇಶಕರು. 2018ರಲ್ಲಿ ಈ ಸಂಸ್ಥೆಯ ಆಶ್ರಯದಲ್ಲಿ ಮಾಸಿಪ್ ಯೋಜನೆ ಆರಂಭವಾಯಿತು. ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನ, ಒಮಿದ್ಯಾರ್ ನೆಟ್‌ವರ್ಕ್ ಮತ್ತು ಟಾಟಾ ಟ್ರಸ್ಟ್‌ಗಳು ಇದಕ್ಕೆ ಧನಸಹಾಯ ನೀಡಿದವು. ಪ್ರೊ. ಎಸ್. ರಾಜಗೋಪಾಲನ್ ಅವರು ಯೋಜನೆಯ ನೇತೃತ್ವ ವಹಿಸಿದರು.

ಯೋಜನೆಯ ಉದ್ದೇಶ ಸ್ಪಷ್ಟವಾಗಿತ್ತು. ತನ್ನ ಪ್ರಜೆಗಳಿಗೆ ಗುರುತಿನ ಸಂಖ್ಯೆ ಕೊಡಬಯಸುವ ಬಡ ದೇಶವೊಂದು ಯಾವುದೋ ಒಂದೇ ಕಂಪನಿಯ ತಂತ್ರಾಂಶವನ್ನು ಕೊಂಡರೆ, ಮುಂದೆ ಪ್ರತಿಯೊಂದು ತಿದ್ದುಪಡಿಗೂ ಆ ಕಂಪನಿಯನ್ನೇ ಅವಲಂಬಿಸಬೇಕಾಗುತ್ತದೆ. ಇದನ್ನು ತಪ್ಪಿಸಲು ಯಾರು ಬೇಕಾದರೂ ಓದಬಹುದಾದ, ಪರೀಕ್ಷಿಸಬಹುದಾದ, ಶುಲ್ಕವಿಲ್ಲದೆ ಬಳಸಬಹುದಾದ ಮುಕ್ತ ತಂತ್ರಾಂಶವನ್ನು ರೂಪಿಸಲಾಯಿತು. ಆಧಾರ್‌ನ ಅನುಭವವು ಇದಕ್ಕೆ ಪ್ರೇರಣೆಯಾದರೂ ಮಾಸಿಪ್ ಮತ್ತು ಆಧಾರ್ ಬೇರೆ ಬೇರೆ ವ್ಯವಸ್ಥೆಗಳೆಂಬುದನ್ನು ಓದುಗರು ಗಮನಿಸಬೇಕು.

ವಿಶ್ವಾಸವನ್ನು ಕಟ್ಟುವ ಬಗೆ

ಮಾಸಿಪ್ ಬಳಸುವ ದೇಶದ ಜನರ ಮಾಹಿತಿ ಬೆಂಗಳೂರಿಗೆ ಬರುವುದಿಲ್ಲ. ಆಯಾ ದೇಶವೇ ತನ್ನ ಯಂತ್ರಗಳಲ್ಲಿ ವ್ಯವಸ್ಥೆಯನ್ನು ನಡೆಸುತ್ತದೆ. ನೋಂದಣಿ ಕೇಂದ್ರದಲ್ಲಿ ಪಡೆದ ಹೆಸರು, ವಿಳಾಸ, ಬೆರಳಚ್ಚು, ಕಣ್ಣಿನ ಪಾಪೆಯ ಚಿತ್ರ ಇವೆಲ್ಲವನ್ನೂ ಅಲ್ಲಿಯೇ ಗೂಢಲಿಪಿಗೆ ಮಾರ್ಪಡಿಸಿ, ಬೀಗಮುದ್ರೆ ಹಾಕಿದ ಲಕೋಟೆಯಂತೆ ಕೇಂದ್ರಸ್ಥಾನಕ್ಕೆ ಕಳುಹಿಸಲಾಗುತ್ತದೆ. ದಾರಿಯಲ್ಲಿ ಯಾರ ಕೈಗೆ ಸಿಕ್ಕರೂ ಅದನ್ನು ಓದಲಾಗದು.

ಕೊಡುವ ಸಂಖ್ಯೆಯು ಯಾದೃಚ್ಛಿಕವಾದುದು. ಅದರಿಂದ ವ್ಯಕ್ತಿಯ ಊರು, ಜಾತಿ, ವಯಸ್ಸುಗಳನ್ನು ಊಹಿಸಲಾಗದು. ಮೂಲ ಸಂಖ್ಯೆಯನ್ನು ಎಲ್ಲೆಡೆ ಕೊಡುವುದರ ಬದಲು ಪರ್ಯಾಯ ಸಂಖ್ಯೆಯೊಂದನ್ನು ಪಡೆದು ಬಳಸಬಹುದು. ಬ್ಯಾಂಕಿಗೊಂದು, ಆಸ್ಪತ್ರೆಗೊಂದು ಎಂಬಂತೆ ಬೇರೆ ಬೇರೆ ಸಂಕೇತಗಳು ಹೋಗುವ ಏರ್ಪಾಡು ಇರುವುದರಿಂದ, ಎರಡು ಸಂಸ್ಥೆಗಳು ತಮ್ಮ ಪಟ್ಟಿಗಳನ್ನು ಜೋಡಿಸಿ ಒಬ್ಬನ ಬದುಕನ್ನೆಲ್ಲ ಹಿಂಬಾಲಿಸುವುದು ಕಠಿಣವಾಗುತ್ತದೆ.

ದುಡಿಮೆಯಿಂದ ಬೆರಳ ರೇಖೆಗಳು ಸವೆದವರ ಪಾಡೂ ಇಲ್ಲಿ ಮುಖ್ಯ. ರಾಗಿ ಹೊಲದಲ್ಲಿಯೋ ಗುಲಾಬಿ ತೋಟದಲ್ಲಿಯೋ ದುಡಿದ ಕೈಗಳನ್ನು ಯಂತ್ರ ಗುರುತಿಸದೆ ಹೋದ ಅನುಭವ ನಮ್ಮ ಭಾಗದ ನ್ಯಾಯಬೆಲೆ ಅಂಗಡಿಗಳಿಗೆ ಹೊಸದಲ್ಲ. ಅಂಥವರನ್ನು ಹೊರಗಿಡದೆ ವಿನಾಯಿತಿಯಾಗಿ ನೋಂದಾಯಿಸಿಕೊಳ್ಳುವ ಕ್ರಮ ಮಾಸಿಪ್‌ನಲ್ಲಿದೆ.

ಸಹಯೋಗದ ವ್ಯಾಪ್ತಿ

ಮೊರಾಕ್ಕೊ 2018ರಲ್ಲಿಯೇ ಈ ಯೋಜನೆಯೊಡನೆ ಒಪ್ಪಂದ ಮಾಡಿಕೊಂಡಿತು. ಫಿಲಿಪ್ಪೀನ್ಸ್ ತನ್ನ ರಾಷ್ಟ್ರೀಯ ಗುರುತಿನ ವ್ಯವಸ್ಥೆಯನ್ನು ಇದರ ಮೇಲೆಯೇ ಕಟ್ಟಿ, ಎಂಟು ಕೋಟಿಗೂ ಹೆಚ್ಚು ಜನರನ್ನು ನೋಂದಾಯಿಸಿದೆ. ಇಥಿಯೋಪಿಯಾದ ಫಾಯ್ದಾ ಎಂಬ ಗುರುತಿನ ಸಂಖ್ಯೆಗೂ ಇದೇ ಆಧಾರ. ಸಾಧನ ತಯಾರಕರು, ತಂತ್ರಾಂಶ ಸಂಸ್ಥೆಗಳು, ಸರ್ಕಾರಗಳು ಮತ್ತು ಇತರ ವಿಶ್ವವಿದ್ಯಾಲಯಗಳು ಇದರಲ್ಲಿ ಪಾಲುದಾರರು; ರುವಾಂಡಾದಲ್ಲಿರುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಫ್ರಿಕಾ ಶಾಖೆಯೂ ಇವುಗಳಲ್ಲಿ ಒಂದು. ಪಾಲುದಾರರ ವಾರ್ಷಿಕ ಸಮಾವೇಶವು 2024ರಲ್ಲಿ ಅಡಿಸ್ ಅಬಾಬಾದಲ್ಲಿ, 2025ರಲ್ಲಿ ಮನಿಲಾದಲ್ಲಿ ನಡೆಯಿತು.

ಇಲ್ಲಿ ನಮಗೆ ಸಂತಸ ತರುವ ಒಂದು ಸಂಗತಿಯಿದೆ. ಮಾಸಿಪ್‌ನ ಪೂರ್ವನೋಂದಣಿ ಪುಟಗಳ ಭಾಷೆಗಳಲ್ಲಿ ಇಂಗ್ಲಿಷ್, ಫ್ರೆಂಚ್, ಅರಬ್ಬಿಗಳ ಜತೆಗೆ ಹಿಂದಿ, ತಮಿಳು ಮತ್ತು ಕನ್ನಡವೂ ಸೇರಿವೆ. ಜಗತ್ತಿಗಾಗಿ ಸಿದ್ಧವಾದ ವ್ಯವಸ್ಥೆಯೊಳಗೆ ಕನ್ನಡಕ್ಕೆ ಎಡೆ ಕೊಡಲು ತಾಂತ್ರಿಕ ಅಡ್ಡಿಯೇನೂ ಇಲ್ಲವೆಂಬುದಕ್ಕೆ ಇದು ಸಾಕ್ಷಿ.

ನ್ಯಾಯಾಲಯ ಕಂಡ ಎಲ್ಲೆಗಳು

ತಂತ್ರಾಂಶ ಎಷ್ಟೇ ಭದ್ರವಾಗಿದ್ದರೂ, ಅದನ್ನು ಯಾವುದಕ್ಕೆ ಬಳಸಬೇಕೆಂಬುದನ್ನು ಕಾನೂನೇ ನಿಶ್ಚಯಿಸಬೇಕು. ಈ ಪ್ರಶ್ನೆಯನ್ನು 2012ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಐವರ ಪೀಠವು ಬಹುಮತದಿಂದ ಆಧಾರ್ ಕಾಯ್ದೆಯನ್ನು ಎತ್ತಿಹಿಡಿದರೂ, ಬ್ಯಾಂಕ್ ಖಾತೆ ಮತ್ತು ಮೊಬೈಲ್ ಸಂಖ್ಯೆಗಳಿಗೆ ಆಧಾರ್ ಜೋಡಣೆಯನ್ನು ಕಡ್ಡಾಯಗೊಳಿಸುವುದನ್ನು ಒಪ್ಪಲಿಲ್ಲ.

ಭಾಷೆಯೂ ಭದ್ರತೆಯ ಅಂಗ

ನಮ್ಮ ಜಿಲ್ಲೆಯ ಪ್ರಶ್ನೆ ಇಲ್ಲಿಂದ ಆರಂಭವಾಗುತ್ತದೆ. ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು ಮೊದಲಾದೆಡೆ ಕನ್ನಡ ಮಾಧ್ಯಮದಲ್ಲಿ ಓದಿದ ಹಿರಿಯರು ಅನೇಕರಿದ್ದಾರೆ. ತಮಿಳನ್ನು ಸರಾಗವಾಗಿ ಆಡಬಲ್ಲ ಅವರಲ್ಲಿ ಹಲವರಿಗೆ ತಮಿಳು ಲಿಪಿಯ ಅಥವಾ ಇಂಗ್ಲಿಷಿನ ಒಪ್ಪಿಗೆ ಪತ್ರವನ್ನು ಓದಲು ಬಾರದು. ಇ-ಸೇವೆ ಕೇಂದ್ರದಲ್ಲಿ ತೋರಿಸಿದ ಕಡೆ ಬೆರಳಿಟ್ಟು, ಮೊಬೈಲಿಗೆ ಬಂದ ಒಟಿಪಿಯನ್ನು ಕೇಳಿದವರಿಗೆ ಓದಿ ಹೇಳಿ ಹೊರಬರುತ್ತಾರೆ. ಓದಲಾಗದ ಪತ್ರಕ್ಕೆ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯಬಹುದೆ? ಒಟಿಪಿಯನ್ನು ಇನ್ನೊಬ್ಬರಿಗೆ ಓದಿ ಹೇಳುವ ಅಭ್ಯಾಸವೇ ನಾಳೆ ವಂಚಕನ ಕರೆ ಬಂದಾಗ ಮುಳುವಾಗುವುದಿಲ್ಲವೆ?

ಕಾನೂನು ಈ ವಿಷಯದಲ್ಲಿ ನಮ್ಮ ಪರವಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 5 ಮತ್ತು 6ನೆಯ ಪ್ರಕರಣಗಳ ಪ್ರಕಾರ, ಮಾಹಿತಿ ಪಡೆಯುವವರು ತಮ್ಮ ಸೂಚನೆಯನ್ನೂ ಒಪ್ಪಿಗೆಯ ಕೋರಿಕೆಯನ್ನೂ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆಯನ್ನು ಕೊಡಬೇಕು. ಈ ಆಯ್ಕೆಯನ್ನು ರಾಜ್ಯದ ಗಡಿಗೆ ಕಟ್ಟಿಹಾಕಿಲ್ಲ. ಮೈಸೂರಿನಲ್ಲಿರುವ ಕನ್ನಡಿಗನಿಗೆ ಇರುವ ಹಕ್ಕು ಶೂಲಗಿರಿಯಲ್ಲಿರುವವನಿಗೂ ಉಂಟು. ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಸೂಚನೆ ಮತ್ತು ಒಪ್ಪಿಗೆಯ ಕಟ್ಟುಪಾಡುಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಅವಧಿಯನ್ನು ನೀಡಲಾಗಿದೆ. ನಮ್ಮ ಸಂಘಸಂಸ್ಥೆಗಳು ಈ ಅವಧಿಯಲ್ಲಿಯೇ ಬ್ಯಾಂಕುಗಳು ಮತ್ತು ಸೇವಾಸಂಸ್ಥೆಗಳ ಮುಂದೆ ಕನ್ನಡದ ಬೇಡಿಕೆಯನ್ನು ಲಿಖಿತವಾಗಿ ಇಡುವುದು ಒಳಿತು.

ಓದುಗರ ಬಳಕೆಗೆ

• ಆಧಾರ್ ಸಹಾಯವಾಣಿ 1947. ಇಲ್ಲಿ ಕನ್ನಡದಲ್ಲಿ ಮಾತನಾಡುವ ಆಯ್ಕೆಯಿದೆ.

• ಆಧಾರ್ ಪತ್ರದಲ್ಲಿ ಇಂಗ್ಲಿಷಿನ ಜತೆಗಿರುವ ಪ್ರಾದೇಶಿಕ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಲು ನೋಂದಣಿ ಕೇಂದ್ರದಲ್ಲಿ ಕೋರಬಹುದು.

• ಆಧಾರ್ ಸಂಖ್ಯೆಯ ಬದಲು 16 ಅಂಕಿಗಳ ಪರ್ಯಾಯ ಸಂಖ್ಯೆಯನ್ನು ಪಡೆದು ಬಳಸಬಹುದು. ಬೆರಳಚ್ಚಿನ ಬಳಕೆಗೆ ಬೀಗ ಹಾಕುವ ಸೌಲಭ್ಯವೂ ಇದೆ. ಪಡಿತರ ತರುವ ಮುನ್ನ ಬೀಗ ತೆಗೆಯುವುದನ್ನು ಮರೆಯಬಾರದು.

• ಹಣದ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ದೂರು ಬೇಗ ದಾಖಲಾದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

• ಪೊಲೀಸರಾಗಲಿ ನ್ಯಾಯಾಲಯವಾಗಲಿ ವಿಡಿಯೊ ಕರೆಯ ಮೂಲಕ ಯಾರನ್ನೂ ಬಂಧಿಸುವುದಿಲ್ಲ. ಡಿಜಿಟಲ್ ಅರೆಸ್ಟ್ ಎಂಬ ಮಾತು ಕೇಳಿಬಂದ ಕೂಡಲೆ ಕರೆಯನ್ನು ಕಡಿಯಬೇಕು.

ಮನೆಯ ಹಿರಿಯರಿಗೆ ಈ ಐದು ಅಂಶಗಳನ್ನು ಕನ್ನಡದಲ್ಲಿ ಓದಿ ಹೇಳಬೇಕೆಂದು ನಮ್ಮ ಓದುಗರಲ್ಲಿ ವಿನಂತಿಸುತ್ತೇವೆ.